ಎತ್ತಿನ ಓಟಕ್ಕೆ ಸೈರನ್ ಬೇಕಾ?

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆ, ಜಗಳೂರು ಕಡೆ ಹಳ್ಳಿ. ಜಾತ್ರೆಗೆ ಜೋಡೆತ್ತಿನ ಗಾಡಿ ಓಟ ಇಡುತ್ತೇವೆ. ಈ ಸಲ ಗಾಡಿ ಬಿಟ್ಟ ಮೇಲೆ ಒಬ್ಬ ಹುಡುಗ ಅಡ್ಡ ನುಗ್ಗಿಬಿಟ್ಟ. ಕೆಂಪು ಟವೆಲ್ ಬೀಸಿದೆವು, ಸೀಟಿ ಊದಿದೆವು, ಗಾಡಿ ನಿಲ್ಲಲೇ ಇಲ್ಲ. ಹುಡುಗ ಕೂದಲೆಳೆಯಲ್ಲಿ ಪಾರಾದ. ಕುದುರೆ ರೇಸ್ ನಿಲ್ಲಿಸೋಕೆ ಸೈರನ್, ಲೈಟು ಇರುತ್ತವಂತೆ. ನಾವೂ ಒಂದು ಸೈರನ್ ತರಿಸೋಣವಾ?

ಉತ್ತರ: ತರಿಸಬೇಡಿ. ಯಾಕೆ ಅನ್ನುವುದಕ್ಕೆ ಕುದುರೆ ಕಡೆಯಿಂದ ಸ್ವಲ್ಪ ಸುತ್ತಿ ಬರಬೇಕು.

ರೇಸ್ ಕುದುರೆ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಓಡುತ್ತದೆ. ಸೆಕೆಂಡಿಗೆ 16-17 ಮೀಟರ್. ನಿಲ್ಲಿಸಬೇಕಾ ಬೇಡವಾ ಅಂತ ಮೂರು ಸೆಕೆಂಡು ಯೋಚಿಸಿದರೆ 50 ಮೀಟರ್ ಹೋಯಿತು. ಜಾಕಿ, ಅಂದರೆ ಕುದುರೆ ಸವಾರ, ಲಗಾಮು ಗಕ್ಕನೆ ಜಗ್ಗುವ ಹಾಗೂ ಇಲ್ಲ, ಹಿಂದಿನ ಕುದುರೆ ಬಂದು ಗುದ್ದುತ್ತದೆ. ಹಾಗಾಗಿ ಎಚ್ಚರಿಕೆ ದೂರದಿಂದಲೇ ಸಿಗಬೇಕು, ಎಲ್ಲರಿಗೂ ಒಟ್ಟಿಗೇ ಸಿಗಬೇಕು. ಜಾಕಿಯ ಕನ್ನಡಕದ ಮೇಲೆ ಮಣ್ಣು, ಕಿವಿಯಲ್ಲಿ ಗೊರಸಿನ ಸದ್ದು. ಬರೀ ಬಾವುಟವನ್ನು ನಂಬಿ ಕೂರುವಂತಿಲ್ಲ. ಬ್ರಿಟನ್ನಿನಲ್ಲಿ ಹಳದಿ ಬಾವುಟದ ಜೊತೆ ಸೀಟಿಯೂ ಇರುತ್ತದೆ. ಕೆಲವು ದೇಶಗಳಲ್ಲಿ ಟ್ರ್ಯಾಕ್ ಪಕ್ಕ ಮಿನುಗುವ ದೀಪ, ಸೈರನ್ ಇಡುತ್ತಾರೆ.

ಇಷ್ಟಿದ್ದರೂ ಎಡವಟ್ಟು ಆಗುತ್ತದೆ. 1993ರ ಏಪ್ರಿಲ್ 3, ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸು. ಶುರುವಿನಲ್ಲೇ ಅಡ್ಡ ಕಟ್ಟಿದ್ದ ಪಟ್ಟಿ ಒಬ್ಬ ಜಾಕಿಯ ಕುತ್ತಿಗೆಗೆ ಸಿಕ್ಕಿಕೊಂಡಿತು. ಓಟ ವಾಪಸ್ ಕರೆಯಬೇಕು, ಆದರೆ ಓಟ ಬಿಡುವ ಅಧಿಕಾರಿಯ ಬಾವುಟ ಬಿಚ್ಚಿಕೊಳ್ಳಲೇ ಇಲ್ಲ. 39ರಲ್ಲಿ 30 ಕುದುರೆಗಳು ಹೊರಟೇಬಿಟ್ಟವು. ಮುಂದೆ ಸಿಬ್ಬಂದಿ ಅಡ್ಡ ಬಂದು ಕೈ ಬೀಸಿದರೆ, ಕೆಲವು ಜಾಕಿಗಳು ಅವರನ್ನು ಪ್ರತಿಭಟನೆಗೆ ಬಂದವರು ಅಂದುಕೊಂಡರು! ಅವತ್ತು ನಿಜವಾದ ಪ್ರತಿಭಟನಾಕಾರರೂ ಬಂದಿದ್ದರು ಅನ್ನಿ. ಏಳು ಕುದುರೆಗಳು ಸುಮಾರು 7 ಕಿ.ಮೀ. ಪೂರ್ತಿ ಓಡಿದವು. ರೇಸು ರದ್ದಾಯಿತು.

ಬೀಸಿದ ಕೈ ಕಂಡಿತ್ತು, ಅರ್ಥ ಬೇರೆ ಆಯಿತು. ನಿಮ್ಮೂರಲ್ಲೂ ಆದದ್ದು ಇದೇ. ನಮ್ಮ ಕಡೆ ಎತ್ತು ಜೋರಾಗಿ ಓಡಲಿ ಅಂತಲೇ ಅಲ್ವಾ ಸಿಳ್ಳೆ, ಕೇಕೆ ಹಾಕುವುದು? ನೀವು ಸೀಟಿ ಊದಿದಿರಿ, ಗಾಡಿ ಹೊಡೆಯುವವನಿಗೆ ಅದು ಹುರುಪಾಗಿ ಕೇಳಿಸಿತು. ಇನ್ನು ಕೆಂಪು ಟವೆಲ್, ಜಾತ್ರೆಯಲ್ಲಿ ಅದಿಲ್ಲದ ಹೆಗಲು ಯಾವುದು? ಸೈರನ್ ಹಾಕಿದರೆ ಎತ್ತು ಬೆದರಿ ಜನರ ಮೇಲೇ ನುಗ್ಗಬಹುದು.

ಹಾಗಾಗಿ ಸದ್ದು ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ. ಮೈಕಿನವನು ಥಟ್ಟನೆ ಬಾಯಿ ಮುಚ್ಚಿದರೆ ಅದೇ ಮೊದಲ ಸೂಚನೆ ಅಂತ ಹೊಡೆಯುವವರಿಗೆಲ್ಲ ಮೊದಲೇ ಹೇಳಿಡಿ. ಎರಡನೆಯದು ಬಾವುಟ. ರಾತ್ರಿ ಪೊಲೀಸರು ತೊಡುವ ಜಾಕೆಟ್ಟಿನ ಮಿರುಗುವ ಹಸಿರು-ಹಳದಿ ಬಟ್ಟೆ ಒಳ್ಳೆಯದು, ಕೇಸರಿ, ಕೆಂಪು ಬೇಡ. ಎತ್ತಿಗೆ ಬಣ್ಣ ಕಾಣುತ್ತದಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ನೋಡಬೇಕಾದವನು ಗಾಡಿ ಮೇಲಿದ್ದಾನೆ. ಬಾವುಟದವರನ್ನು ಗೆಲುವಿನ ಗೆರೆಯಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ. ನಡುದಾರಿಯಲ್ಲಿ, ಜನರಿಗಿಂತ ಎತ್ತರದಲ್ಲಿ ನಿಲ್ಲಿಸಿ. ಟ್ರ್ಯಾಕ್ಟರ್ ಟ್ರಾಲಿ ಸಾಕು. ನಿಲ್ಲಿಸು ಅನ್ನುವ ಮಾತು ಮಾತ್ರ ಒಬ್ಬನದೇ ಇರಲಿ.

ಇನ್ನೊಂದು ವ್ಯತ್ಯಾಸ ಇದೆ. ಕುದುರೆಗಳು ದುಂಡಗಿನ ಟ್ರ್ಯಾಕಿನಲ್ಲಿ ಸುತ್ತಿ ಮತ್ತೆ ಅದೇ ಜಾಗಕ್ಕೆ ಬರಬಹುದು. ಅಲ್ಲಿ ಒಬ್ಬ ಬಿದ್ದಿದ್ದರೆ ರೇಸ್ ನಿಲ್ಲಿಸಲೇಬೇಕಾಗುತ್ತದೆ. ನಿಮ್ಮ ಓಟ ನೇರ ಗೆರೆ, ಗಾಡಿ ಒಮ್ಮೆ ದಾಟಿದರೆ ಮುಗಿಯಿತು. ಅಪಾಯ ಇರುವುದು ಮುಂದಿನ ಜೋಡಿಯಲ್ಲಿ. ದಾರಿ ಖಾಲಿ ಇದೆ ಅಂತ ನಡುವಿನ ಬಾವುಟದವನು ಕೈ ಎತ್ತುವ ತನಕ ಗಾಡಿ ಬಿಡಬೇಡಿ, ಜನ ಎಷ್ಟೇ ಕೂಗಲಿ. ಆ ಹುಡುಗನ ವಿಷಯಕ್ಕೆ ಬಂದರೆ, ಬಾವುಟಕ್ಕಿಂತ ಸೊಂಟದೆತ್ತರಕ್ಕೆ ಎರಡು ಸಾಲು ಗಳ ಕಟ್ಟಿದ್ದರೆ ಅವನು ಒಳಗೇ ಬರುತ್ತಿರಲಿಲ್ಲ. ಬರೀ ಹಗ್ಗ ಕಟ್ಟಬೇಡಿ, ಹುಡುಗರು ಅದರಡಿ ನುಸುಳುತ್ತಾರೆ.