ತಲೆ ಸುತ್ತು ಕಿವಿಯದ್ದೋ, ಮೈಗ್ರೇನಿನದ್ದೋ?

ಆಗಾಗ ತಲೆ ಸುತ್ತುತ್ತೆ, ಇಎನ್‌ಟಿ ಡಾಕ್ಟರು ಕಿವಿ ಅಂತಾರೆ, ನರರೋಗದ ಡಾಕ್ಟರು ಮೈಗ್ರೇನ್ ಅಂತಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸುವುದು, ತಲೆ ಸುತ್ತು ಇವನ್ನೆಲ್ಲ ಪರೀಕ್ಷೆ ಮಾಡುವವಳು. ನಾನು ಮೊದಲು ಕೇಳುವುದು, ಎಷ್ಟು ಹೊತ್ತು ಸುತ್ತುತ್ತೆ ಅಂತ. "ಇಡೀ ದಿನ ಮೇಡಂ" ಅಂತಾರೆ. ಬಿಡಿಸಿ ಕೇಳಿದರೆ ಎಷ್ಟೋ ಸಲ ಸುತ್ತಿದ್ದು ಅರ್ಧ ನಿಮಿಷ, ಉಳಿದದ್ದೆಲ್ಲ ವಾಕರಿಕೆ ಮತ್ತು ಭಯ.

ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬ ತೆಗೆಯಲು ಕತ್ತೆತ್ತಿದಾಗ ಗಿರ್ರಂತ ಸುತ್ತಿ, ಒಂದು ನಿಮಿಷದೊಳಗೆ ನಿಂತರೆ ಸಾಮಾನ್ಯವಾಗಿ ಅದು ಬಿಪಿಪಿವಿ ಅನ್ನುವ ಕಿವಿಯ ತೊಂದರೆ. ಒಳಗಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿರುತ್ತವೆ. ಎಪ್ಲಿ ವಿಧಾನದಲ್ಲಿ ತಲೆ ಹೊರಳಿಸಿದರೆ ತುಂಬಾ ಜನರಿಗೆ ಕ್ಲಿನಿಕ್‌ನಲ್ಲೇ ವಾಸಿಯಾಗುತ್ತೆ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಅಗತ್ಯವಿಲ್ಲ.

20 ನಿಮಿಷದಿಂದ 12 ಗಂಟೆವರೆಗೆ ಸುತ್ತಿ, ಜೊತೆಗೆ ಒಂದು ಕಿವಿ ಕಟ್ಟಿಕೊಂಡು ಗುಂಯ್ ಅಂದು, ಕೇಳಿಸುವುದೂ ಕಮ್ಮಿಯಾದರೆ ಮೆನಿಯರ್ ಕಾಯಿಲೆ ಇರಬಹುದು. ಶುರುವಿನಲ್ಲಿ ಕಿವಿ ಮತ್ತೆ ಸರಿಹೋಗಿಬಿಡುತ್ತೆ. ಅದಕ್ಕೇ ಸುತ್ತು ಬಂದ ಒಂದೆರಡು ದಿನದಲ್ಲೇ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳಿಸುತ್ತೆ ಅನ್ನುವ ಪರೀಕ್ಷೆ, ಮಾಡಿಸಿ.

ಮೈಗ್ರೇನ್‌ನದ್ದೇ ಜಾಸ್ತಿ ಗೊಂದಲ. ಅದರ ಸುತ್ತು 5 ನಿಮಿಷದಿಂದ 72 ಗಂಟೆವರೆಗೂ ಇರಬಹುದು. "ನಂಗೆ ತಲೆನೋವೇ ಇಲ್ವಲ್ಲ" ಅಂತಾರೆ. ಸುತ್ತುವಾಗಲೇ ನೋವು ಇರಬೇಕು ಅಂತೇನೂ ಇಲ್ಲ. ನಾನು ಬೇರೆ ಕೇಳ್ತೀನಿ: ಆ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿ ಅನ್ನಿಸುತ್ತಾ? ಮಿಕ್ಸಿ ಸದ್ದು ತಡೆಯೋಕಾಗಲ್ವಾ? ಕಾಲೇಜಿನ ದಿನಗಳಲ್ಲಿ ಅರೆತಲೆನೋವು ಇತ್ತಾ? ಚಿಕ್ಕಂದಿನಲ್ಲಿ ಘಾಟಿ ರಸ್ತೆಯಲ್ಲಿ ವಾಂತಿ ಆಗ್ತಿತ್ತಾ? ಈಗಲೂ ಬಿಎಂಟಿಸಿ ಬಸ್ಸಲ್ಲಿ ಫೋನ್ ನೋಡಿದರೆ ಹೊಟ್ಟೆ ತೊಳೆಸುತ್ತಾ? ಸುತ್ತು ಮೈಗ್ರೇನಿನದ್ದೇ ಅನ್ನೋಕೆ, 2012ರಲ್ಲಿ ತಜ್ಞರು ಒಪ್ಪಿದ ನಿಯಮದಂತೆ ಕನಿಷ್ಠ 5 ಸಲ ಸುತ್ತು ಬಂದಿರಬೇಕು, ಮೈಗ್ರೇನ್ ಇರಬೇಕು ಅಥವಾ ಹಿಂದೆ ಇದ್ದಿರಬೇಕು, ಅರ್ಧದಷ್ಟು ಸಲವಾದರೂ ಸುತ್ತಿನ ಜೊತೆ ತಲೆನೋವು, ಅಥವಾ ಬೆಳಕು-ಸದ್ದು ತಡೆಯೋಕಾಗದಂಥ ಮೈಗ್ರೇನ್ ಲಕ್ಷಣ ಕಾಣಬೇಕು. ಇದನ್ನು ಹಿಡಿಯುವ ಸ್ಕ್ಯಾನ್ ಯಾವುದೂ ಇಲ್ಲ. ಎಂಆರ್‌ಐ ಮಾಡಿಸುವುದು ಬೇರೆ ಕಾಯಿಲೆ ಇಲ್ಲ ಅಂತ ನೋಡೋಕೆ. ಅಂದ ಹಾಗೆ, ಕಿವಿ ತೊಂದರೆ, ಮೈಗ್ರೇನ್ ಎರಡೂ ಒಬ್ಬರಲ್ಲೇ ಇರಬಹುದು. ನಿಮ್ಮ ಇಬ್ಬರು ಡಾಕ್ಟರೂ ಸರಿ ಇರಬಹುದು ಅಲ್ವಾ!

ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲೋಕೇ ಆಗದಿದ್ದರೆ ಇದ್ಯಾವ ಲೆಕ್ಕವೂ ಬೇಡ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಸುತ್ತಿದಾಗ ಮನೆಯವರಿಂದ ಫೋನ್‌ನಲ್ಲಿ ನಿಮ್ಮ ಕಣ್ಣುಗಳ ವಿಡಿಯೋ ತೆಗೆಸಿ. ಕಣ್ಣುಗುಡ್ಡೆ ಯಾವ ಕಡೆ ಮಿಡಿಯುತ್ತೆ ಅನ್ನುವುದು ನಮಗೆ ತುಂಬಾ ಮುಖ್ಯ. ನೀವು ಕ್ಲಿನಿಕ್‌ಗೆ ಬರುವಷ್ಟರಲ್ಲಿ ಅದು ನಿಂತುಹೋಗಿರುತ್ತೆ.