ಕೋಲಾರದ ಮನೆಯ ತಾರಸಿಯಲ್ಲಿ ಡೆಕ್ (ಹಲಗೆಯ ನೆಲಹಾಸು) ಹಾಕಿಸಲು ಡಬ್ಲ್ಯುಪಿಸಿ ಒಳ್ಳೆಯದೋ, ಪಿವಿಸಿಯೋ?

ಬಿಸಿಲಿಗೆ ಮೈಯೊಡ್ಡಿದ ತಾರಸಿಯಾದರೆ ನನ್ನ ಮತ ಹೊರಪದರವಿರುವ ಡಬ್ಲ್ಯುಪಿಸಿಗೆ. ಡಬ್ಲ್ಯುಪಿಸಿ ಎಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ಕಿನ ಮಿಶ್ರಣ. ಮೇಲೆ ಪ್ಲಾಸ್ಟಿಕ್ ಪದರ ಹೊದಿಸಿದ್ದರೆ ಬಣ್ಣ ಬೇಗ ಮಾಸುವುದಿಲ್ಲ, ಎಣ್ಣೆ ಚೆಲ್ಲಿದರೂ ಒರೆಸಿದರೆ ಹೋಗುತ್ತದೆ. ಪದರವಿಲ್ಲದ್ದು ಅಗ್ಗ ನಿಜ. ಆದರೆ ಅದರೊಳಗಿನ ಹುಡಿ ತೇವ ಹೀರಿಕೊಂಡು ನೆರಳಿನ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅಂಗಡಿಯವರ ಮಾತು ಕೇಳುವ ಬದಲು ಹಲಗೆಯ ಕತ್ತರಿಸಿದ ತುದಿಯನ್ನು ನೋಡಿ: ಅಂಚಿನಲ್ಲಿ ತೆಳುವಾದ ಬೇರೆ ಪದರ ಕಾಣಬೇಕು.

ಪಿವಿಸಿಯಲ್ಲಿ ಮರವೇ ಇಲ್ಲ. ನೀರು, ಗೆದ್ದಲು ಎರಡಕ್ಕೂ ಜಗ್ಗದು, ತೂಕವೂ ಕಡಿಮೆ. ಬೆಲೆ ಮಾತ್ರ ಸಾಮಾನ್ಯವಾಗಿ ಹೆಚ್ಚು. ಸದಾ ಒದ್ದೆಯಾಗುವ ಜಾಗಕ್ಕಾದರೆ ಕೊಡಬಹುದು.

ಎರಡೂ ಏಪ್ರಿಲ್ ಮಧ್ಯಾಹ್ನ ಬರಿಗಾಲನ್ನು ಸುಡುತ್ತವೆ. ಗಾಢ ಕಂದು ಚೆಂದವೆಂದು ಮರುಳಾಗದೆ ತಿಳಿಬಣ್ಣ ಆರಿಸಿ. ಹಲಗೆಗಳು ಬಿಸಿಗೆ ಹಿಗ್ಗುವುದರಿಂದ ತುದಿಗಳಲ್ಲಿ ಸಂದು ಬಿಡಿಸಿ. ಹಲಗೆಗಳನ್ನು ಕೆಳಗಿನಿಂದ ಹೊರುವ ಅಡಿಪಟ್ಟಿಗಳ ಅಂತರ 30–40 ಸೆಂಟಿಮೀಟರ್ ದಾಟಿದರೆ ಹಲಗೆ ಜೋಲುತ್ತದೆ. ಆ ಪಟ್ಟಿಗಳು ತಾರಸಿಯ ಇಳಿಜಾರಿಗೆ ಅಡ್ಡಲಾಗಿ ಕೂತರೆ ಮಳೆನೀರು ಹರಿಯದೆ ಅಡಿಯಲ್ಲೇ ನಿಲ್ಲುತ್ತದೆ. ಕೆಲಸ ನಡೆಯುವಾಗ ಎದುರಿಗೇ ನಿಂತು ನೋಡಿಕೊಳ್ಳಿ.