ಓರೆಯಾಗಿ ಹೂತ ನಾಣ್ಯಕ್ಕೆ ಯಾವ ಕಾಯಿಲ್? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮೆಟಲ್ ಡಿಟೆಕ್ಟರಿಗೆ 11 ಅಂಗುಲದ ಡಬಲ್-ಡಿ ಕಾಯಿಲ್ (ನೆಲದ ಮೇಲೆ ಬೀಸುವ, ಸುರುಳಿಗಳಿರುವ ತಟ್ಟೆ) ಇದೆ. ಪರೀಕ್ಷೆಗೆಂದು ಒಂದೇ ಬಗೆಯ ಎರಡು ನಾಣ್ಯಗಳನ್ನು ಒಂದೇ ಆಳದಲ್ಲಿ ಹೂತೆ. ಒಂದನ್ನು ಚಪ್ಪಟೆಯಾಗಿ ಮಲಗಿಸಿದೆ, ಇನ್ನೊಂದನ್ನು ಅಂಚಿನ ಮೇಲೆ ನಿಲ್ಲಿಸಿದೆ. ಮಲಗಿದ ನಾಣ್ಯ ಸ್ಪಷ್ಟವಾಗಿ ಸದ್ದು ಕೊಟ್ಟಿತು. ನಿಂತ ನಾಣ್ಯ ಮಾತ್ರ ಒಂದು ದಿಕ್ಕಿನಲ್ಲಿ ಬೀಸಿದಾಗ ಎರಡು ಕ್ಷೀಣ ಸದ್ದುಗಳನ್ನು ಕೊಟ್ಟಿತು, ಅಡ್ಡ ದಿಕ್ಕಿನಲ್ಲಿ ಬೀಸಿದಾಗ ಸುಮ್ಮನಿತ್ತು. 15 ಅಂಗುಲದ ಕಾಯಿಲ್ ಕೊಂಡರೆ ಈ ತೊಂದರೆ ನೀಗುತ್ತದೆಯೇ?

ಉತ್ತರ: ನೀಗುವುದಿಲ್ಲ, ಕಡಿಮೆ ಆಳದಲ್ಲಿ ಅದು ಹೆಚ್ಚಲೂಬಹುದು. ಕಾಯಿಲ್ ಹೊರಡಿಸುವ ಕಾಂತಕ್ಷೇತ್ರವು ನಾಣ್ಯದ ಮುಖವನ್ನು ಹಾದುಹೋದಾಗ ಲೋಹದೊಳಗೆ ಸುಳಿ ಪ್ರವಾಹಗಳು ಹುಟ್ಟುತ್ತವೆ, ಮತ್ತು ಆ ಪ್ರವಾಹಗಳ ಮರುಕ್ಷೇತ್ರವನ್ನೇ ಗ್ರಾಹಕ ಸುರುಳಿ ಹಿಡಿಯುತ್ತದೆ. ಮಲಗಿದ ನಾಣ್ಯದಲ್ಲಿ ಈ ಸುಳಿಗಳಿಗೆ ಇಡೀ ಮುಖದಗಲ ಜಾಗವಿರುತ್ತದೆ. ಅಂಚಿನ ಮೇಲೆ ನಿಂತ ನಾಣ್ಯಕ್ಕೆ ಕ್ಷೇತ್ರವು ನೇರ ಮೇಲಿನಿಂದ ಬಂದರೆ, ಅದಕ್ಕೆ ಎದುರಾಗುವುದು ಒಂದೆರಡು ಮಿಲಿಮೀಟರ್ ದಪ್ಪದ ಅಂಚು ಮಾತ್ರ.

ನಡುವಿನ ಓರೆಗಳ ವಿಷಯ ಹಲವರು ಅಂಜುವಷ್ಟು ಕೆಟ್ಟದಾಗಿಲ್ಲ. ಕ್ಷೇತ್ರ ಲಂಬವಾಗಿದ್ದರೆ ಸಂಕೇತವು ಓರೆಯ ಕೋನದ ಕೊಸೈನ್‌ನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 30 ಡಿಗ್ರಿ ಓರೆಯಲ್ಲಿ ಮುಕ್ಕಾಲು ಭಾಗ, 45 ಡಿಗ್ರಿಯಲ್ಲಿ ಅರ್ಧ, 60 ಡಿಗ್ರಿಯಲ್ಲಿ ಕಾಲು ಭಾಗ ಉಳಿಯುತ್ತದೆ. ಕಾಲು ಭಾಗ ಎಂದೊಡನೆ ಆಳವೂ ಕಾಲು ಭಾಗಕ್ಕೆ ಇಳಿಯಿತು ಎಂದು ತಿಳಿಯಬಾರದು. ಹೋಗುವಾಗಲೂ ಮರಳುವಾಗಲೂ ಕ್ಷೇತ್ರ ತೀವ್ರವಾಗಿ ಕ್ಷೀಣಿಸುವುದರಿಂದ, ಸ್ವಲ್ಪ ಹತ್ತಿರ ಬಂದರೂ ಸಂಕೇತ ಬಹಳ ಏರುತ್ತದೆ. 28 ಸೆಂಟಿಮೀಟರ್ ವ್ಯಾಸದ ದುಂಡು ಕಾಯಿಲಿನ ಸರಳ ಲೆಕ್ಕದಲ್ಲಿ, ಮಲಗಿದ್ದಾಗ 25 ಸೆಂಟಿಮೀಟರ್ ಆಳದಿಂದ ಕೇಳಿಸುವ ನಾಣ್ಯ 45 ಡಿಗ್ರಿ ಓರೆಯಾದರೆ ಸುಮಾರು 21ರಿಂದ, 60 ಡಿಗ್ರಿ ಓರೆಯಾದರೆ ಸುಮಾರು 18ರಿಂದ ಕೇಳಿಸಬೇಕು. ನಿಜವಾದ ಕಷ್ಟ ಕೊನೆಯ ಇಪ್ಪತ್ತು ಡಿಗ್ರಿಗಳಲ್ಲಿದೆ.

ಅಲ್ಲಿ ನೆರವಾಗಬೇಕಾದದ್ದು ಕ್ಷೇತ್ರದ ಬಲವಲ್ಲ, ದಿಕ್ಕು. ಕಾಯಿಲಿನ ನಟ್ಟನಡುವೆ ಲಂಬವಾಗಿರುವ ಕ್ಷೇತ್ರರೇಖೆಗಳು ಪಕ್ಕಕ್ಕೆ ಸರಿದಂತೆ ಬಾಗುತ್ತವೆ, ಮತ್ತು ನಿಂತ ನಾಣ್ಯದ ಮುಖವನ್ನು ಹಾಯುವುದು ಈ ಬಾಗಿದ ರೇಖೆಗಳೇ. ನೀವು ಕೇಳಿದ ಎರಡು ಸದ್ದುಗಳ ಕಾರಣ ಇದು: ನಾಣ್ಯದ ಮುಖ ಬೀಸುವ ದಿಕ್ಕಿಗೆ ಎದುರಾಗಿತ್ತು, ಕಾಯಿಲ್ ಹತ್ತಿರ ಬರುವಾಗ ಒಮ್ಮೆ, ದಾಟಿ ಹೋಗುವಾಗ ಮತ್ತೊಮ್ಮೆ ಬಾಗಿದ ಕ್ಷೇತ್ರ ಅದನ್ನು ಮುಟ್ಟಿತು. ಡಬಲ್-ಡಿಯಲ್ಲಿ ಪ್ರೇಷಕ ಮತ್ತು ಗ್ರಾಹಕ ಸುರುಳಿಗಳು ಅಕ್ಕಪಕ್ಕದಲ್ಲಿದ್ದು ನಡುವೆ ಮಾತ್ರ ಒಂದರ ಮೇಲೊಂದು ಬರುವುದರಿಂದ, ಆ ನಡುಪಟ್ಟಿಯ ಕೆಳಗೆ ಅವೆರಡರ ಕ್ಷೇತ್ರಗಳು ಪರಸ್ಪರ ವಿರುದ್ಧ ದಿಕ್ಕಿಗೆ ವಾಲಿರುತ್ತವೆ. ಎರಡು ಸದ್ದುಗಳ ನಡುವಿನ ಮೌನ ಅದರಿಂದ ಇನ್ನಷ್ಟು ಗಾಢವಾಗುತ್ತದೆ. ಅಡ್ಡ ದಿಕ್ಕಿನಲ್ಲಿ ಬೀಸಿದಾಗ ನಾಣ್ಯ ಪಟ್ಟಿಯ ನಟ್ಟನಡುವೆ ಹಾದುಹೋಗಿರಬೇಕು. ಅದೇ ದಿಕ್ಕಿನಲ್ಲಿ, ಆದರೆ ಕಾಯಿಲಿನ ಮುಂತುದಿಯೋ ಹಿಂತುದಿಯೋ ನಾಣ್ಯದ ಮೇಲೆ ಬರುವಂತೆ ಬೀಸಿ ನೋಡಿ. ಆ ತುದಿಗಳಲ್ಲಿ ಎರಡೂ ಸುರುಳಿಗಳ ಕ್ಷೇತ್ರ ಒಂದೇ ಕಡೆಗೆ ವಾಲುವುದರಿಂದ, ಸುಮ್ಮನಿದ್ದ ನಾಣ್ಯ ಮಾತನಾಡುವ ಸಾಧ್ಯತೆ ಹೆಚ್ಚು.

ಇನ್ನು 15 ಅಂಗುಲದ ಮಾತು. ಸುತ್ತುಗಳೂ ಪ್ರವಾಹವೂ ಬದಲಾಗದಿದ್ದರೆ, ಒಂದು ಆಳದಲ್ಲಿ ಅತ್ಯಂತ ಪ್ರಬಲ ಕ್ಷೇತ್ರ ಕೊಡುವುದು ಆ ಆಳದ ಸುಮಾರು 1.4 ಪಟ್ಟು ತ್ರಿಜ್ಯವುಳ್ಳ ಕಾಯಿಲ್. 10 ಸೆಂಟಿಮೀಟರ್ ಆಳಕ್ಕೆ ಅದು 28 ಸೆಂಟಿಮೀಟರ್ ವ್ಯಾಸ, ಅಂದರೆ ನಿಮ್ಮಲ್ಲಿ ಈಗಾಗಲೇ ಇರುವ ಅಳತೆ. ಅದಕ್ಕಿಂತ ದೊಡ್ಡದು ಆಳದ, ಮಲಗಿದ ವಸ್ತುಗಳಿಗೆ ಒದಗೀತು. ಮೇಲುಮಣ್ಣಿನಲ್ಲಿ ನಿಂತ ನಾಣ್ಯಕ್ಕಲ್ಲ, ಏಕೆಂದರೆ ದೊಡ್ಡ ಕಾಯಿಲಿನ ಕೆಳಗೆ ಕ್ಷೇತ್ರ ಲಂಬವಾಗಿಯೇ ಇರುವ ಜಾಗ ಅಗಲವಾಗಿರುತ್ತದೆ. ಹೆಚ್ಚು ಮಣ್ಣನ್ನು ಒಮ್ಮೆಗೇ ನೋಡುವುದರಿಂದ ಮಣ್ಣಿನ ಖನಿಜಾಂಶದ ಗದ್ದಲವೂ ಅದರಲ್ಲಿ ಹೆಚ್ಚು.

ಪ್ರಶ್ನೆ: ಮೊಳೆ, ತಂತಿಗಳ ಚೂರು ತುಂಬಿದ ನೆಲದಲ್ಲಿ ಓರೆಯಾದ ನಾಣ್ಯ ಹುಡುಕಲು ಕಾನ್ಸೆಂಟ್ರಿಕ್ ಕಾಯಿಲ್ ಮೇಲೋ, ಡಬಲ್-ಡಿ ಮೇಲೋ?

ಉತ್ತರ: ಮೊದಲು ಅಳತೆ ಚಿಕ್ಕದಾಗಲಿ, ಆಕಾರ ಆಮೇಲಿನದು. ಐದಾರು ಅಂಗುಲದ ಕಾಯಿಲ್ ಮೊಳೆಯನ್ನೂ ನಾಣ್ಯವನ್ನೂ ಬೇರೆ ಬೇರೆಯಾಗಿ ನೋಡಬಲ್ಲದು. ಓರೆಯಿಂದಾಗಿ ಮೊದಲೇ ಕುಗ್ಗಿದ ಸಂಕೇತಕ್ಕೆ ಪಕ್ಕದ ಕಬ್ಬಿಣದ ಸಂಕೇತ ಬೆರೆತರೆ ಲೋಹದ ಬಗೆಯನ್ನು ಸೂಚಿಸುವ ಪರದೆಯ ಮೇಲಿನ ಅಂಕಿ ಕೆಳಕ್ಕೆ ಎಳೆಯಲ್ಪಡುತ್ತದೆ, ಮತ್ತು ಡಿಸ್ಕ್ರಿಮಿನೇಶನ್ (ಬೇಡದ ಲೋಹಗಳ ಸದ್ದನ್ನು ಅಡಗಿಸುವ ವ್ಯವಸ್ಥೆ) ಬಿಗಿಯಾಗಿದ್ದರೆ ಯಂತ್ರ ನಾಣ್ಯವನ್ನೇ ಕಸವೆಂದು ನುಂಗಿಹಾಕುತ್ತದೆ. ಖನಿಜಾಂಶ ಕಡಿಮೆಯಿರುವ ಮಣ್ಣಿನಲ್ಲಿ ನನ್ನ ಒಲವು ಕಾನ್ಸೆಂಟ್ರಿಕ್ ಕಡೆಗೆ: ಒಂದರೊಳಗೊಂದು ಇರುವ ಅದರ ಸುರುಳಿಗಳ ಕ್ಷೇತ್ರಗಳು ಎಲ್ಲ ಕಡೆಯೂ ಒಟ್ಟಿಗೇ ವಾಲುತ್ತವೆ, ಆದ್ದರಿಂದ ಓರೆಯಾದ ನಾಣ್ಯ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಕಾಯಿಲಿನ ಯಾವುದಾದರೊಂದು ಬದಿಯಲ್ಲಿ ಸಿಕ್ಕುತ್ತದೆ. ಕೆಂಪಾದ, ಕಬ್ಬಿಣಾಂಶದ ಮಣ್ಣಿನಲ್ಲಿ ಕಾನ್ಸೆಂಟ್ರಿಕ್ ಬೇಗ ಕಂಗೆಡುತ್ತದೆ. ಅಲ್ಲಿ ಡಬಲ್-ಡಿ ಹಿಡಿದು, ಅನುಮಾನ ಬಂದ ಜಾಗವನ್ನೆಲ್ಲ ಅಡ್ಡಲಾಗಿಯೂ ಬೀಸುವುದೇ ದಾರಿ. ಯಂತ್ರದಲ್ಲಿ ಆಯ್ಕೆಯಿದ್ದರೆ 5 ಕಿಲೋಹರ್ಟ್ಸ್‌ಗಿಂತ 15 ಅಥವಾ 20 ಕಿಲೋಹರ್ಟ್ಸ್ ಆವರ್ತನವು ಅಂಚಿನ ಚಿಕ್ಕ ಸುಳಿಗಳಿಗೆ ಹೆಚ್ಚು ಸ್ಪಂದಿಸುತ್ತದೆ.

ಪ್ರಶ್ನೆ: ಯಂತ್ರದಿಂದ ಪಿನ್‌ಪಾಯಿಂಟ್ ಮಾಡಿದ (ನಿಖರವಾಗಿ ಗುರುತಿಸಿದ) ಜಾಗದಲ್ಲೇ ಅಗೆದರೂ ಗುಂಡಿ ಖಾಲಿ. ಏಕೆ?

ಉತ್ತರ: ನಾಣ್ಯ ಓರೆಯಾಗಿದ್ದಿರಬೇಕು. ಅದರ ಮೇಲ್ಮುಖ ಯಾವ ಕಡೆಗೆ ನೋಡುತ್ತಿದೆಯೋ ಆ ಕಡೆಗೆ ಸಂಕೇತದ ಶಿಖರ ಸರಿದಿರುತ್ತದೆ, ಆದ್ದರಿಂದ ಗುಂಡಿ ನಾಣ್ಯದ ಪಕ್ಕದಲ್ಲಿ ಬೀಳುತ್ತದೆ. ಇನ್ನಷ್ಟು ಆಳಕ್ಕೆ ಅಗೆಯುವ ಮೊದಲು ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರನ್ನು ಗುಂಡಿಯ ನಾಲ್ಕೂ ಗೋಡೆಗಳ ಉದ್ದಕ್ಕೂ ಆಡಿಸಿ. ಸಲಿಕೆಯನ್ನು ಗೋಡೆಗೆ ಚುಚ್ಚದೆ ಮಣ್ಣನ್ನು ಬೆರಳಿನಿಂದಲೇ ಬಿಡಿಸಿ. ಓರೆಯಾದ ನಾಣ್ಯಕ್ಕೆ ಗೀರು ಬೀಳುವುದು ಬಹುಮಟ್ಟಿಗೆ ಈ ಹಂತದಲ್ಲೇ.